ಬಡಾಯಿ ಟೇಲರ್, ವಿನಯದ ಟೇಲರ್, ಮತ್ತು ನಾನು

ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ಬಲ್ಲವರು ಬಡಾಯಿ ಕೊಚ್ಚುವುದಿಲ್ಲ ಅಂತ ಇದರ ಅರ್ಥವಂತೆ. ಎಲ್ಲರೂ ತಲೆಯಾಡಿಸುತ್ತಾರೆ. ಸರಿ, ಆದರೆ ಖಾಲಿ ಕೊಡ ತುಳುಕುತ್ತದೆಯೇ?

ಇದನ್ನು ನಾನು ಮೊದಲೇ ಕೇಳಿಕೊಳ್ಳಬೇಕಿತ್ತು.

ಅಕ್ಕನ ನಿಶ್ಚಯಕ್ಕೆ ವಾರವಿತ್ತು. ಅಜ್ಜಿ ಸಾಯುವ ಮುಂಚೆ ಅವಳಿಗೆಂದೇ ಎತ್ತಿಟ್ಟಿದ್ದ ಖಣ, ಅಂಚಿರುವ ಕುಪ್ಪಸದ ಬಟ್ಟೆ, ಒಂದೇ ಒಂದು. ಅದರ ಕುಪ್ಪಸ ಹೊಲಿಸುವ ಜವಾಬ್ದಾರಿ ನನ್ನದು. ದುರ್ಗದಬೈಲ್ ಪೇಟೆಯ ಟೇಲರ್ ಬಟ್ಟೆ ಮುಟ್ಟುವ ಮೊದಲೇ, "ಇಟ್ಟ ಹೋಗ್ರಿ ಮೇಡಂ, ಖಣದ ಕೆಲಸದಾಗ ನನ್ನ ಸಮ ಯಾರೂ ಇಲ್ರಿ" ಅಂದ. ಬಡಾಯಿ! ಅಲ್ಲಿಂದ ಎದ್ದು ಬಂದೆ.

ಗೋಪನಕೊಪ್ಪದಲ್ಲಿ ನಮ್ಮ ಓಣಿಯ ಟೇಲರ್ ಕಾಕಾ ಇದ್ದಾರೆ. ಮನೆಯವರ ದಿನಬಳಕೆಯ ಬ್ಲೌಸುಗಳೆಲ್ಲ ಅವರು ಹೊಲಿದವೇ.

"ಖಣಾ ನನ್ನ ಕೈಗೆ ಬಗ್ಗೂದಿಲ್ಲ ತಂಗಿ. ಅಂಚು ತಪ್ಪತೈತಿ. ಬ್ಯಾರೆ ಕಡೆ ಕೊಡು" ಅಂದರು.

ನಮ್ಮ ಊರಲ್ಲಿ ಇಪ್ಪತ್ತು ವರ್ಷ ಹಾಡಿದವರೂ "ಇನ್ನೂ ಕಲಿಯಾಕತ್ತೇನ್ರಿ" ಅನ್ನುತ್ತಾರಲ್ಲ, ಇದೂ ಅದೇ ಅಂದುಕೊಂಡೆ.

"ನಲವತ್ತು ವರ್ಷ ಕತ್ತರಿ ಹಿಡದವರು ಹಿಂಗಂದ್ರ ಹೆಂಗ ಕಾಕಾ? ಅಂಚು ಎಲ್ಲಿ ತಪ್ಪತೈತಿ ಅಂತ ಗೊತ್ತಿದ್ದವರು ತಪ್ಪಸ್ತಾರೇನು?"

ಅವರು ಮೂರು ಸಲ ಬೇಡವೆಂದರು. ಮೂರು ಸಲವೂ ನನ್ನ ಬಳಿ ಉತ್ತರವಿತ್ತು. (ಕಾಲೇಜಿನಲ್ಲಿ ಡಿಬೇಟ್ ಮಾಡಿದವರ ಕಾಯಿಲೆ ಇದು: ಎದುರಿನವರು ಸುಮ್ಮನಾದರೆ ಗೆದ್ದೆವು ಅನ್ನಿಸುತ್ತದೆ.) ಕೊನೆಗೆ ಕಾಕಾ, "ಹಂಗಂತಿ? ಆತು, ಇಟ್ಟ ಹೋಗವಾ" ಅಂದರು.

ಕುಪ್ಪಸ ಬಂತು. ಎಡತೋಳಿನ ಅಂಚು ಸರಿಯಾಗಿ ಕೆಳಗಿತ್ತು. ಬಲತೋಳಿನದು ಭುಜಕ್ಕೆ ಏರಿ ಕೂತಿತ್ತು. ಸೆರಗಿನಲ್ಲಿ ಮುಚ್ಚೋಣವೆಂದರೆ ಸೆರಗು ಬರುವುದು ಎಡಕ್ಕೆ. ಇನ್ನೊಂದು ತೋಳಿಗೆ ಬಟ್ಟೆ ಎಲ್ಲಿಂದ ತರುವುದು?

ಜಗಳಕ್ಕೇ ಹೋದೆ. "ಬರೂದಿಲ್ಲಂದ್ರ ಯಾಕ ಹಿಡದ್ರಿ ಕಾಕಾ?"

ಕಾಕಾ ಕನ್ನಡಕ ತೆಗೆದು ಒರೆಸಿದರು. "ನೀ ಅಷ್ಟ ಖಾತ್ರಿಲೆ ಹೇಳಿದೆಲ್ಲ ತಂಗಿ. ನನಗೂ ಒಂದ ಗಳಿಗಿ ಬರತೈತೇನೋ ಅನಿಸ್ತು."

ಈಗ ಹೇಳಿ, ತನ್ನ ಸಾಮರ್ಥ್ಯವನ್ನು ತಪ್ಪಾಗಿ ಅಳೆದವರು ಯಾರು? ಕಾಕಾ ಅಲ್ಲ. ಅವರ ಅಳತೆ ಕರಾರುವಾಕ್ಕಾಗಿತ್ತು, ನಾನು ವಾದ ಮಾಡಿ ಅದನ್ನು ಕೆಡಿಸಿದೆ. ದುರ್ಗದಬೈಲಿನವನು ಬಡಾಯಿ ಕೊಚ್ಚಿದನೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದನೋ, ಅದೂ ನನಗೆ ಗೊತ್ತಿಲ್ಲ. ಬಡಾಯಿಯೂ ಪುರಾವೆಯಲ್ಲ, ವಿನಯವೂ ಪುರಾವೆಯಲ್ಲ. "ಹೊಲಿದ ಒಂದು ಖಣ ತೋರಿಸ್ರಿ" ಅಂತ ಇಬ್ಬರಲ್ಲಿ ಒಬ್ಬರನ್ನೂ ನಾನು ಕೇಳಲಿಲ್ಲ. ಯಾಕೆಂದರೆ, ಮಾತು ಕೇಳಿಯೇ ಮನುಷ್ಯರನ್ನು ಅಳೆಯಬಲ್ಲೆ ಎಂಬ ಖಾತ್ರಿ ನನಗಿತ್ತು.

ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಅಳಲಿಲ್ಲ. ಬೈಯಲೂ ಇಲ್ಲ. ಕುಪ್ಪಸವನ್ನು ತೊಡೆಯ ಮೇಲೆ ಹರವಿಕೊಂಡು ಒಂದೇ ಮಾತು ಕೇಳಿದಳು:

"ಬರತೈತಿ ಅಂದಾಂವನ್ನ ನಂಬಲಿಲ್ಲ. ಬರೂದಿಲ್ಲ ಅಂದವರನ್ನೂ ನಂಬಲಿಲ್ಲ. ಹಂಗಾರ ನೀ ನಂಬಿದ್ದು ಯಾರನ್ನ?"