ಕಾಕಾ ಹಿಂದೆ ಹಿಡಿದ ಸಾಲು

ಕಾಕಾನ ಚಪ್ಪಲಿ ಸದಾ ಮುಂದುಗಡೆಯೇ ಸವೆಯುತ್ತಿತ್ತು. ಹಿಮ್ಮಡಿ ಊರಿ ನಿಂತ ಮನುಷ್ಯನೇ ಅಲ್ಲ ಅವನು. ಬಸವಕಲ್ಯಾಣದ ನಮ್ಮ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವಾಗಲೂ ಕಾಲು ತಾಳ ಹಾಕುತ್ತಿತ್ತು. ಗಿರಾಕಿ ತಡಮಾಡಿದರೆ, "ಲಗೂ ಹೇಳ್ರಿ, ತಾಳ ತಪ್ಪಾಕತ್ತದ" ಎನ್ನುತ್ತಿದ್ದ.

ನನಗೆ, ತಂಗಿಗೆ, ತಮ್ಮನಿಗೆ ಹಾಡು ಕಲಿಸಿದವನು ಅಪ್ಪನ ತಮ್ಮನಾದ ಈ ಕಾಕಾನೇ. ಭಜನೆಯಲ್ಲಿ ಹಿರಿಯರು ಸಾಲನ್ನು ಮೊದಲು ಹಾಡಿ ಎತ್ತಿಕೊಡಬೇಕು, ಉಳಿದವರು ಅದನ್ನೇ ಹಿಂದೆ ಹಿಡಿಯಬೇಕು. ನಮ್ಮ ಮನೆಮಂದಿ ಸೇರಿ ಹಾಡಿದ ಮೊದಲ ಭಜನೆ ಆಲ್ಬಂ ತುಂಬ ಕಾಕಾ ಎತ್ತಿಕೊಟ್ಟದ್ದೇ. ನನಗೆ ಮೀಸೆ ಬಂದರೂ ಒಂದು ಸಾಲು ಬಿಟ್ಟುಕೊಡಲಿಲ್ಲ. ಒಳಗೊಳಗೇ ಕುದಿಯುತ್ತಿದ್ದೆ.

ಅಷ್ಟರಲ್ಲಿ ನನ್ನ ತಮ್ಮ ಮೊಬೈಲಿನಲ್ಲಿ ಅಮೆರಿಕದ ಕಪ್ಪು ಜನ ಎದೆ ತೆರೆದು ಹಾಡುವ ‘ಸೋಲ್’ ಹಾಡುಗಳನ್ನು ಕೇಳಿ ಹುಚ್ಚನಾದ. ಆ ಧಾಟಿಯಲ್ಲೇ, ಅವ್ವ ರೊಟ್ಟಿ ಬಡಿಯುವ ಸದ್ದನ್ನೇ ತಾಳ ಮಾಡಿಕೊಂಡು, ಎರಡನೆಯ ಆಲ್ಬಮ್ಮಿಗೆಂದು ನಾವೇ ಪದ ಕಟ್ಟಿದೆವು. ಈ ಪದಗಳಿಗೆ ಹೊಂದುವುದು ತಂಗಿಯ ದನಿ, ಅವಳೇ ಎತ್ತಿಕೊಡಲಿ ಎಂದುಕೊಂಡೆವು. ಕಾಕಾನಿಗೆ ಹೇಳುವವರು ಯಾರು? ಆ ಸೋಲ್ ಹಾಡು ಹಚ್ಚಿ ಮೊಬೈಲನ್ನೇ ತಮ್ಮ ಅವನ ಕೈಗೆ ಕೊಟ್ಟ. ಅಂಗಡಿಯ ಒಳಗೂ ಹೊರಗೂ ಅಡ್ಡಾಡುತ್ತ ಕೇಳಿದ ಕಾಕಾ, "ಇದೂ ಭಜನಾನೇ ಅದ ಬಿಡು. ಒಬ್ಬಾಕಿ ಎತ್ತಿಕೊಡತಾಳ, ಮಂದಿ ಹಿಂದ ಹಿಡೀತಾರ" ಎಂದ. ನಮ್ಮಲ್ಲಿ ಎತ್ತಿಕೊಡುವವರು ಯಾರೆಂದು ಅವನು ಕೇಳಲಿಲ್ಲ, ನಾವೂ ಬಾಯಿ ಬಿಡಲಿಲ್ಲ.

ಹುಮನಾಬಾದಿನ ಸ್ಟುಡಿಯೋಗೆ ಹೊರಟ ಬಸ್ಸಿನಲ್ಲಿ, ದಾರಿಯ ರಾಜೇಶ್ವರ ಊರು ಬರುವಷ್ಟರಲ್ಲೇ ಕಾಕಾ ಎಷ್ಟು ಸೀಟು ಬದಲಿಸಿದನೋ. ಮೈಕಿನ ಮುಂದೆ, ಕಾಕಾ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ತಂಗಿ ಮೊದಲ ಸಾಲು ಎತ್ತಿಬಿಟ್ಟಳು. ಹಿಂದೆ ಹಿಡಿಯಬೇಕಾದ ನಾವಿಬ್ಬರೂ ಸುಮ್ಮನೆ ನಿಂತೆವು. ಹುಟ್ಟಿದಾಗಿನಿಂದ ಕಾಕಾನ ದನಿ ಕೇಳಿದ ಮೇಲೆಯೇ ಹಾಡಿ ರೂಢಿ. ತಂಗಿಯ ಕಣ್ಣು ತುಂಬಿತು. ನಾನು ಹೆದರುತ್ತಲೇ ಕಾಕಾನತ್ತ ನೋಡಿದೆ.

"ಯಾಕ ನಿಂತೀರಿ? ಆಕಿ ಎತ್ತಿಕೊಟ್ಟಾಳ, ಹಿಡೀರಿ" ಎಂದವನೇ ನಮ್ಮ ಸಾಲಿಗೆ ಬಂದು ನಿಂತ. "ಇನ್ನೊಮ್ಮೆ ಎತ್ತವಾ. ನಾನೂ ಹಿಡೀತೀನಿ."

ತಂಗಿ ಎತ್ತಿದಳು. ಮಗಳಂಥವಳ ಹಿಂದೆ ಕಾಕಾ ತಗ್ಗಿದ ದನಿಯಲ್ಲಿ ಹಾಡಿದ. ಕೆಳಗೆ ನೋಡಿದರೆ ಅವನ ಹಿಮ್ಮಡಿಗಳೆರಡೂ ನೆಲಕ್ಕೆ ಊರಿದ್ದವು. ಅಂದು ನಾನು ಹೇಗೆ ಹಾಡಿದೆನೋ ನನಗೇ ಗೊತ್ತಿಲ್ಲ.

ಆಲ್ಬಂ ಬಂದ ಮರುವರ್ಷ ಕಾಕಾ ತೀರಿಹೋದ. ಈಗ ಕೆಲವು ಪದಗಳನ್ನು ನಾನೇ ಎತ್ತಿಕೊಡುತ್ತೇನೆ. ಅಷ್ಟು ಹಂಬಲಿಸಿದ ಜಾಗ ಅದು. ಆದರೆ ಸಾಲು ಮುಗಿಸಿ, ಹಿಂದೆ ಹಿಡಿಯುವವರ ದನಿಗಾಗಿ ಕಾಯುವ ಆ ಗಳಿಗೆಯಲ್ಲಿ ನನ್ನ ಹಿಮ್ಮಡಿಯೂ ನೆಲಕ್ಕೆ ಊರುವುದೇ ಇಲ್ಲ.