ಹೆಳವನ ಎತ್ತು, ಅತ್ತೆಯ ಊರು

ಮಂಡ್ಯ ಬೇರೆ ಜಿಲ್ಲೆಯಾದ ಹೊಸದರಲ್ಲಿ ನಮ್ಮ ಮಾವನಿಗೆ ವಂಶದ ಚರಿತ್ರೆ ಬರೆಸುವ ಹುಚ್ಚು ಹಿಡಿಯಿತು. ಹುಚ್ಚು ಅವರದು, ಕೈನೋವು ನನ್ನದು. ಮಂಡ್ಯದಲ್ಲಿ ನಾಲ್ಕಕ್ಷರ ಕಲಿತು ಮದ್ದೂರು ಕಡೆಯ ಕೊಪ್ಪಕ್ಕೆ ಸೊಸೆಯಾಗಿ ಬಂದ ತಪ್ಪಿಗೆ ಪೆನ್ಸಿಲ್ ನನ್ನ ಪಾಲಿಗೆ ಬಂತು.

ಸುಗ್ಗಿ ಮುಗಿದ ಮೇಲೆ ವಾಡಿಕೆಯಂತೆ ಹೆಳವ ಎತ್ತಿನ ಮೇಲೆ ಕೂತು ಬಂದ. ಮನೆಮನೆಯ ವಂಶಾವಳಿಯನ್ನು ನಾಲಗೆ ಮೇಲೆ ಇಟ್ಟುಕೊಂಡು, ಹಾಡಿ ರಾಗಿ ಪಡೆಯುವುದು ಅವನ ಕುಲಕಸುಬು. ಹಾಡು ಮುಗಿಯುವವರೆಗೆ ನೆಲಕ್ಕೆ ಕಾಲಿಡಬಾರದೆಂಬುದು ಅವನ ಕಟ್ಟಳೆ. ಅವನು ಹಾಡಿದ, ನಾನು ಬರೆದೆ. ಯಾವುದೋ ಕಾಲದಲ್ಲಿ ಮಳವಳ್ಳಿ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದ ಮೂಲಪುರುಷನಿಂದ ಶುರು.

"ಮಂಡ್ಯ ಜಿಲ್ಲೆ ಅಂತ ಸೇರ್ಸು" ಅಂದರು ಮಾವ.

ಆಗ ಜಿಲ್ಲೆ ಇರಲಿಲ್ಲವಲ್ಲ ಅಂದೆ.

"ಈಗ ಐತಲ್ಲ, ಬರ್ಕೊ. ಈಗ ಯಾವ್ ಎಸ್ರೋ ಅದೇ ಎಸ್ರು."

ಸರಿ, ಎಮ್ಮೆಯವನನ್ನು ಅವನು ಕನಸಲ್ಲೂ ಕಾಣದ ಜಿಲ್ಲೆಗೆ ಸೇರಿಸಿದೆ.

ಗಂಡಸರಿಗೆ ಹೆಸರು, ಹೆಂಗಸರಿಗೆ ತವರೂರು, ಇಷ್ಟೇ ಹೆಳವನ ಪದ್ಧತಿ. ಮದ್ದೂರಿನ ಹೆಣ್ಣು ತಂದ, ಮಳವಳ್ಳಿ ಹೆಣ್ಣು ತಂದ ಎಂದು ಹಾಡುತ್ತ ಮಾವನ ಹೆಸರಿಗೆ ಬಂದು "ಕೆರಗೋಡಿನ ಹೆಣ್ಣು ತಂದ" ಎಂದ. ಒಳಗೆ ರಾಗಿ ಕೇರುತ್ತಿದ್ದ ಅತ್ತೆ ಮೊರ ಹಿಡಿದೇ ಹೊರಗೆ ಬಂದರು.

"ಕೆರಗೋಡಲ್ಲ. ಈಚಲಕೊಪ್ಪಲು."

ಕೆರಗೋಡಿನ ಹತ್ತಿರದ ಆ ಪುಟ್ಟ ಊರು ಪ್ಲೇಗಿನಲ್ಲಿ ಖಾಲಿಯಾಗಿತ್ತು. ಉಳಿದ ಕೆಲವರು ಕೆರಗೋಡು ಸೇರಿದ್ದರು, ಆಗ ಹುಡುಗಿಯಾಗಿದ್ದ ಅತ್ತೆಯೂ.

"ಜನ ಇಲ್ದಿರೋ ಊರ್ನ ಆಡ್ಬಾರ್ದು ಕಣವ್ವ, ಸಕುನ ಅಲ್ಲ" ಅಂದ ಹೆಳವ. ಅಲ್ಲೀಗ ಬರೀ ಜಾಲಿ ಮುಳ್ಳು, ಕೆರಗೋಡು ಅಂತಲೇ ಬರಿ ಎಂದು ಮಾವ ತೀರ್ಪು ಕೊಟ್ಟರು.

ಅತ್ತೆ ಮೊರ ಕೆಳಗಿಟ್ಟರು. ಎತ್ತಿನ ಹಗ್ಗ ಹಿಡಿದು ಎಳೆದು ಚಪ್ಪರದ ಕಂಬಕ್ಕೆ ಬಿಗಿದರು, ಮೇಲೆ ಹೆಳವ ಕೂತಿದ್ದ ಹಾಗೇ. "ನಮ್ಮೂರ್ನ ಆಡು, ಎತ್ನ ಬುಡ್ತೀನಿ."

"ಜನ ನಗ್ತಾರೆ ಕಣೇ" ಎಂದರು ಮಾವ.

"ನಗ್ಲಿ ಬುಡಿ. ಎಮ್ಮೆ ಒಡ್ಕಂಡ್ ಬಂದ ನಿಮ್ಮ ಮುತ್ತಜ್ಜನ್ನ ಆಗಿನ್ನೂ ಉಟ್ದೇ ಇದ್ದ ಜಿಲ್ಲೆಗೆ ಸೇರ್ಸೀರಿ. ನಾನ್ ಉಟ್ಟಿದ್ ಊರ್ನ ಅಳಿಸ್ತೀರಾ?"

ಅಷ್ಟರಲ್ಲಿ ಎತ್ತು ಚಪ್ಪರದ ಅವರೆ ಬಳ್ಳಿಗೆ ಬಾಯಿ ಹಾಕಿತ್ತು. ಹೆಳವ ಇಳಿಯುವಂತಿಲ್ಲ, ಅತ್ತೆ ಹಗ್ಗ ಬಿಚ್ಚುವವರಲ್ಲ. ಮಾವ ಬಳ್ಳಿ ನೋಡಿದರು, ಹೆಂಡತಿಯನ್ನು ನೋಡಿದರು. "ಆಡ್ಬುಡು ಮಾರಾಯ" ಎಂದರು.

ಹೆಳವನಿಗೆ ಇನ್ನೊಂದು ತೊಡಕು. ಊರು ಹಾಡಬೇಕಾದರೆ ಅದರ ಹೆಚ್ಚುಗಾರಿಕೆ ಬೇಕು. "ನಿಮ್ಮೂರಲ್ಲಿ ಏನಿತ್ತವ್ವ?"

"ಏನೂ ಇರ್ನಿಲ್ಲ. ಒಂದ್ ಬಾವಿ. ನೀರು ಉಪ್ಪು."

"ಉಪ್ಪುನೀರ ಈಚಲಕೊಪ್ಪಲ ಹೆಣ್ಣು ತಂದ" ಎಂದು ಅವನು ರಾಗ ಎಳೆದ. ಉಪ್ಪುನೀರಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅತ್ತೆ ಎತ್ತು ಬಿಚ್ಚಿ, ಮೊರದ ತುಂಬ ರಾಗಿ ತಂದು ಸುರಿದರು.

ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಹೆಳವ ಹೋದಮೇಲೆ ಮೆಲ್ಲಗೆ, "ಅತ್ತೆ, ಊರಿನ ಜೊತೆ ನಿಮ್ಮ ಹೆಸರೂ ಬರೆಯಲೇ?" ಎಂದೆ.

"ಬ್ಯಾಡ ಕಣಮ್ಮ. ನಮ್ಮವ್ವನ್ನ ಅಲ್ಲೇ ಮಣ್ ಮಾಡಿದ್ದು. ಎಸ್ರು ಸೇರುದ್ರೆ ಆ ಊರು ನನ್ನೊಬ್ಳುದೇ ಆಯ್ತದೆ. ಬರೀ ಊರ್ ಬರುದ್ರೆ ಅವ್ಳೂ ಬತ್ತಾಳೆ."

ಊರೊಂದನ್ನೇ ಬರೆದೆ.