ಬೆತ್ಲೆಹೇಮಿನ ಮನೆಗೆ ನಾನಿಟ್ಟ ಬಾಗಿಲು

ಕೋವಿಡ್ ಕಳೆದು ಮ್ಯೂಸಿಯಂಗಳು ಮತ್ತೆ ತೆರೆದ ಮರುವರ್ಷದ ಮಾತು. ನಾನಾಗ ಜರ್ಸಿ ಸಿಟಿಯ ಒಂದು ವರ್ಕ್‌ಶಾಪಿನಲ್ಲಿ ಸೀನಿಯರ್ ಮಾಡೆಲ್ ಮೇಕರ್. ಮ್ಯೂಸಿಯಂಗಳಿಗೆ ಡಯೊರಾಮಾ ಮಾಡಿಕೊಡುವುದು ನಮ್ಮ ಕೆಲಸ. ಎಂದರೆ ಹಳೆಯ ಕಾಲದ ಮನೆ, ಬೀದಿ, ಬದುಕನ್ನು ಚಿಕ್ಕದಾಗಿಸಿ ಗಾಜಿನ ಪೆಟ್ಟಿಗೆಯೊಳಗೆ ಕಟ್ಟಿ ನಿಲ್ಲಿಸುವುದು. ಗದಗದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಆರ್ಕಿಟೆಕ್ಚರ್ ಓದಿದ ನಾನು ನಿಜವಾದ ಮನೆ ಕಟ್ಟಿದ್ದು ಎರಡೋ ಮೂರೋ. ಉಳಿದ ಇಪ್ಪತ್ತೆರಡು ವರ್ಷ ಒಂದಡಿಗೆ ಒಂದಿಂಚಿನ ಲೆಕ್ಕದಲ್ಲಿ ಬೊಂಬೆಮನೆ ಕಟ್ಟಿದೆ. ವರ್ಕ್‌ಶಾಪ್ ಇದ್ದದ್ದು ಬೇಸ್‌ಮೆಂಟಿನಲ್ಲಿ. ಒಂದು ಕಿಟಕಿಯೂ ಇರಲಿಲ್ಲ. ಸಮರ್‌ಸೆಟ್‌ನ ಮನೆಯಿಂದ ಕಮ್ಯೂಟ್ ಮಾಡಿ ಒಳಗಿಳಿದರೆ, ಹೊರಗೆ ಹಿಮ ಬಿದ್ದದ್ದೂ ಮನೆಗೆ ಹೊರಟಾಗಲೇ ಗೊತ್ತಾಗುತ್ತಿತ್ತು.

ಆ ವರ್ಷ ನ್ಯೂಜರ್ಸಿಯ ಒಂದು ಚಿಕ್ಕ ಮ್ಯೂಸಿಯಂ, ಯೇಸು ಹುಟ್ಟಿ ಬೆಳೆದ ಕಾಲದ ಬದುಕನ್ನು ತೋರಿಸುವ ಪ್ರದರ್ಶನಕ್ಕೆ ತಯಾರಾಗುತ್ತಿತ್ತು. ಇತಿಹಾಸದ ಹೊಣೆ ಹೊತ್ತ ಕ್ಯುರೇಟರ್ ಡಾ. ಗ್ರೇಸ್, ಮೂವತ್ತನಾಲ್ಕರ ಹುಡುಗಿ. ಹುಟ್ಟಿದ್ದು ಇಲ್ಲೇ, ಅಜ್ಜ ಬೆಟಗೇರಿಯಲ್ಲಿ ಪಾದ್ರಿಯಾಗಿದ್ದವರು. ನಾನು ಗದಗಿನ ಕಡೆಯವನೆಂದು ತಿಳಿದ ದಿನವೇ ಅವಳಿಗೆ ಅಂಕಲ್ ಆದೆ. ಅವಳದು ವರ್ಷದ ಕಾಂಟ್ರ್ಯಾಕ್ಟ್. ಈ ಪ್ರದರ್ಶನ ಸರಿಹೋದರೆ ಮುಂದುವರಿಕೆ, ಇಲ್ಲದಿದ್ದರೆ ಇಲ್ಲ.

ಗ್ರೇಸ್ ಗೊತ್ತಿದ್ದಷ್ಟನ್ನೇ ಹೇಳುವವಳು. ಹೆರೋದ ರಾಜ ಸತ್ತದ್ದು ಕ್ರಿಸ್ತಪೂರ್ವ ನಾಲ್ಕರಲ್ಲಿ ಎಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಅವನ ಆಳ್ವಿಕೆಯಲ್ಲಿ ಹುಟ್ಟಿದ ಯೇಸುವಿನ ಜನನ ಅದಕ್ಕೂ ಹಿಂದಿನದು. ನಮ್ಮ ಇಸವಿ ಎಣಿಕೆಯನ್ನು ಶುರುಮಾಡಿದ್ದು ಐದು ಶತಮಾನ ಕಳೆದ ಮೇಲೆ ಬಂದ ಒಬ್ಬ ಸನ್ಯಾಸಿ, ಅವನ ಲೆಕ್ಕ ಕೆಲವು ವರ್ಷ ತಪ್ಪಿತು. ಯೇಸು ಹುಟ್ಟಿದಾಗ ಜನಗಣತಿ ನಡೆಯುತ್ತಿತ್ತು ಎನ್ನುತ್ತದೆ ಒಂದು ಸುವಾರ್ತೆ, ಆದರೆ ಇತಿಹಾಸಕ್ಕೆ ಗೊತ್ತಿರುವ ರೋಮನ್ ಜನಗಣತಿ ನಡೆದದ್ದು ಹೆರೋದ ಸತ್ತು ಸುಮಾರು ಹತ್ತು ವರ್ಷದ ಮೇಲೆ. ಡಿಸೆಂಬರ್ ಎಂದು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಕ್ರಿಸ್‌ಮಸ್ ಕಾರ್ಡುಗಳಲ್ಲಿ ಕಾಣುವ ಹಿಮ, ಮರದ ಕೊಟ್ಟಿಗೆಯೂ ಇಲ್ಲ. ಇರುವುದು ಒಂದು ಗೋದಲಿ ಮಾತ್ರ, ದನಕ್ಕೆ ಮೇವು ಹಾಕುವ ತೊಟ್ಟಿ. ಆ ಸೀಮೆಯ ಬಡವರ ಮನೆಗಳಲ್ಲಿ ದನಕರು ಮನೆಯೊಳಗೇ ಇರುತ್ತಿದ್ದವು, ಗೋದಲಿಯೂ ಒಳಗೇ. ಆದ್ದರಿಂದ ಮಗು ಹುಟ್ಟಿದ್ದು ಜನ ತುಂಬಿದ ಒಂದು ಸಾಧಾರಣ ಮನೆಯಲ್ಲಿ ಇರಬಹುದು ಎಂಬುದು ಅವಳ ವಾದ. ಬೆತ್ಲೆಹೇಮಿನ ಆಸುಪಾಸಿನಲ್ಲಿ ಅಗೆದು ತೆಗೆದ ಆ ಕಾಲದ ಒಂದು ಮನೆಯ ನಕ್ಷೆ ಕಳಿಸಿದಳು. ಯೇಸು ಹುಟ್ಟಿದ ಮನೆ ಇದೇ ಎಂದಲ್ಲ, ಇಂಥದ್ದು ಎಂದು ತೋರಿಸುವುದಕ್ಕೆ.

ನಕ್ಷೆ ಬಿಡಿಸಿ ನೋಡಿದೆ. ಒಳಗೆ ಕಾಲಿಟ್ಟರೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಮೇಲೆ ಮನುಷ್ಯರ ಪಡಸಾಲೆ, ಎರಡರ ನಡುವಿನ ಅಂಚಿಗೆ ಕಲ್ಲಿನ ಗೋದಲಿ. ಅದು ನಮ್ಮ ಮನೆಯೇ. ನಮ್ಮಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತರೆ ಎತ್ತು ತಲೆಯೆತ್ತಿ ಅವನ ತಾಟು ನೋಡುತ್ತಿತ್ತು. ಆ ಖುಷಿ ನನ್ನನ್ನು ಕೆಡಿಸಿತು. ಮ್ಯೂಸಿಯಂ ಟ್ರಸ್ಟಿಗಳ ಮುಂದೆ ಭಾಷಣ ಮಾಡುವ ಅವಕಾಶ ಸಿಕ್ಕಾಗ, "ನಾನು ಇಂಥ ಮನೆಯಲ್ಲೇ ಹುಟ್ಟಿದವನು, ಕಣ್ಣು ಮುಚ್ಚಿ ಕಟ್ಟುತ್ತೇನೆ" ಎಂದು ಕೊಚ್ಚಿಕೊಂಡೆ.

ಕಣ್ಣು ಮುಚ್ಚಿಯೇ ಕಟ್ಟಿದೆ. ಪೂರ್ವದ ಬಾಗಿಲಿನಿಂದ ಬೆಳಗಿನ ಬಿಸಿಲು ನುಗ್ಗಿ, ಗೋದಲಿಯಲ್ಲಿ ಮಲಗಿಸಿದ ಹೆಬ್ಬೆರಳಷ್ಟು ಮಗುವಿನ ಮೇಲೆ ಬೀಳುವಂತೆ ದೀಪ ಹೊಂದಿಸಿದೆ. ನೋಡಿದವರೆಲ್ಲ ಫೋನ್ ತೆಗೆದು ಫೋಟೋ ಹಿಡಿದರು. ಉದ್ಘಾಟನೆಗೆ ಹದಿನಾರು ದಿನ ಇರುವಾಗ ಟ್ರಸ್ಟಿಗಳಲ್ಲಿ ಹಿರಿಯರಾದ ಡೋರನ್ ವರ್ಕ್‌ಶಾಪಿಗೆ ಬಂದರು. ಎಪ್ಪತ್ತೆಂಟು ವಯಸ್ಸು, ನೇಮದಿಂದ ಚರ್ಚಿಗೆ ಹೋಗುವವರು. ಮರದ ಕೊಟ್ಟಿಗೆ ಬೇಕು ಎಂದು ಮೊದಲಿಂದಲೂ ಪಟ್ಟು ಹಿಡಿದವರು. ನಾವು ಮರೆತ ಒಂದು ಸಂಗತಿಯೆಂದರೆ ಅವರು ನಿವೃತ್ತ ಲ್ಯಾಂಡ್ ಸರ್ವೇಯರ್. ನಕ್ಷೆ ಕೇಳಿದರು, ಕನ್ನಡಕ ಬದಲಿಸಿದರು. ದಕ್ಷಿಣದ ಗೋಡೆಯಲ್ಲಿ ಬಿದ್ದ ಕಲ್ಲೆಂದು ನಾನು ಬಿಟ್ಟಿದ್ದರ ಮೇಲೆ ಬೆರಳಿಟ್ಟರು. ಅದರಲ್ಲಿ ಒಂದು ಸಣ್ಣ ವೃತ್ತ. ಕದ ತಿರುಗುವ ಕುಳಿ. ಅದು ಹೊಸ್ತಿಲು.

"ಬಾಗಿಲು ದಕ್ಷಿಣಕ್ಕಿದೆ. ನಿಮ್ಮ ಮಾಡೆಲ್‌ನಲ್ಲಿ ಪೂರ್ವಕ್ಕಿದೆ" ಎಂದರು. ನನ್ನ ಭಾಷಣ ಅವರಿಗೆ ನೆನಪಿತ್ತು. "ಬಾಗಿಲೇ ಇಂಡಿಯಾದಿಂದ ಬಂದಿದ್ದರೆ, ಮನೆಯೊಳಗಿನ ಗೋದಲಿ ಎಲ್ಲಿಂದ ಬಂತು?" ಎಂದು ಕೇಳಿದರು.

ನನಗೆ ತಕ್ಷಣ ಅರ್ಥವಾಯಿತು, ಅದೇ ಕಷ್ಟ. ಆ ಮನೆಯ ಪೂರ್ವದ ಗೋಡೆಯೂ ಕುಸಿದಿತ್ತು. ಎರಡು ಗೋಡೆಯಲ್ಲಿ ಎರಡು ಕಿಂಡಿ ಕಂಡಾಗ ಬಾಗಿಲು ಯಾವುದು ಎಂದು ನಾನು ಯೋಚಿಸಲೇ ಇಲ್ಲ. ದಕ್ಷಿಣ ಯಮನ ದಿಕ್ಕು, ಆ ಕಡೆ ಯಾರು ತಲೆಬಾಗಿಲು ಇಡುತ್ತಾರೆ? ಹತ್ತಿರದ ಮಾನ್ಮತ್ ಜಂಕ್ಷನ್ ಊರಿನಲ್ಲಿ ಒಳ್ಳೆಯ ಮನೆಯನ್ನು ದಕ್ಷಿಣಕ್ಕೆ ಮುಖ ಮಾಡಿದೆಯೆಂದು ಬಿಟ್ಟ ಗೆಳೆಯನನ್ನು ವರ್ಷಗಟ್ಟಲೆ ಗೇಲಿ ಮಾಡಿದವನು ನಾನು. ಸಮರ್‌ಸೆಟ್‌ನ ನನ್ನ ಮನೆ ಪೂರ್ವಕ್ಕಿದೆ. ಸಿಕ್ಕಿದ್ದೇ ಹಾಗೆ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ನಮ್ಮಲ್ಲಿ ಅಪ್ರೂವಲ್ ಶೀಟ್ ಎಂಬ ಕಾಗದವಿರುತ್ತದೆ. ಕಟ್ಟುವ ಮೊದಲು ನಮ್ಮ ನಕ್ಷೆಗೆ ಮ್ಯೂಸಿಯಂ ಸಹಿ ಹಾಕಬೇಕು; ಸಹಿಯಾದ ಮೇಲೆ ತಪ್ಪಿನ ಹೊಣೆ ಸಹಿ ಹಾಕಿದವರದು. ಸಹಿ ಗ್ರೇಸಳದು. ಅಂಕಲ್ ಮಾಡಿದ್ದಲ್ಲವೇ ಎಂದು ಹೆಚ್ಚು ನೋಡದೆ ಹಾಕಿದ್ದಳು. ಮರುದಿನ ವರ್ಕ್‌ಶಾಪಿನ ಮಾಲೀಕ ವಿನ್ಸ್ ನನ್ನನ್ನು ಕರೆದು, "ಮುಂದಿನ ವಾರ ರಿವ್ಯೂ ಮೀಟಿಂಗ್. ನೀನು ಬಾಯಿ ಬಿಡಬೇಡ. ಶೀಟ್ ಮಾತಾಡುತ್ತದೆ" ಎಂದ. ನಾನು ಬಾಯಿಬಿಟ್ಟರೆ ನನ್ನ ಗತಿ ಏನೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ಆರು ದಿನ ನನ್ನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದು. ಸುಮ್ಮನಿದ್ದರೆ ಗ್ರೇಸ್ ಕೆಲಸ ಕಳೆದುಕೊಳ್ಳುತ್ತಾಳೆ, ಅವಳು ವಾದಿಸಿದ ಮನೆಯ ಜಾಗಕ್ಕೆ ಮರದ ಕೊಟ್ಟಿಗೆಯೂ ಹಿಮವೂ ಬರುತ್ತವೆ. ತಪ್ಪು ಒಪ್ಪಿಕೊಂಡರೆ, ಈತ ತನ್ನ ಊರನ್ನೇ ಕಟ್ಟಿದ್ದಾನೆ ಎಂಬ ಡೋರನ್ನರ ಅನುಮಾನಕ್ಕೆ ನಾನೇ ಸಾಕ್ಷಿ. ಆಗಲೂ ಗೋದಲಿ ಹೊರಗೇ ಹೋಗುತ್ತದೆ. ಸತ್ಯ ಹೇಳಿದರೂ ಸತ್ಯವೇ ಸೋಲುವ ಹಾಗೆ ನಾನೇ ಬಾಗಿಲು ಹಾಕಿಕೊಂಡಿದ್ದೆ. ಬೇಸ್‌ಮೆಂಟಿನಲ್ಲಿ ಕೂತರೆ ಎದುರಿಗೆ ಆ ಮಾಡೆಲ್‌ನ ಬಾಗಿಲು. ಮನೆಗೆ ಹೋದರೆ ಅಲ್ಲಿಯೂ ಪೂರ್ವದ ಬಾಗಿಲು.

ನಾಲ್ಕನೆಯ ದಿನ ಗ್ರೇಸ್ ಫೋನ್ ಮಾಡಿದಳು. "ಅಂಕಲ್, ಐ ಸೈನ್ಡ್ ಇಟ್. ನಾನು ನೋಡಬೇಕಿತ್ತು, ಅಲ್ವಾ? ಇಟ್ಸ್ ಆನ್ ಮೀ" ಎಂದಳು.

"ಹಂಗೇನಿಲ್ಲವ್ವಾ, ನೋಡೂಣು" ಎಂದೆ. ಅಷ್ಟೇ ಹೇಳಿ ಫೋನ್ ಇಟ್ಟೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನೋಡಿದ್ದಂತೂ ನಿಜ. ಆ ದಿನವೇ ಮೂಲ ನಕ್ಷೆಯನ್ನೂ ನನ್ನದನ್ನೂ ಪಕ್ಕಪಕ್ಕ ಹಾಸಿ, ಸ್ಕೇಲ್ ಹಿಡಿದು ಒಂದೊಂದೇ ಅಳೆದೆ. ಗೋಡೆ, ಮೆಟ್ಟಿಲು, ಒಲೆ. ನನ್ನ ಕೈ ಬೇರೆ ಎಲ್ಲೆಲ್ಲಿ ಸುಳ್ಳು ಹೇಳಿದೆಯೋ ಎಂಬ ಭಯ. ಎರಡು ದಿನ ಹಿಡಿಯಿತು. ಬಾಗಿಲೊಂದನ್ನು ಬಿಟ್ಟು ಬೇರೆ ಯಾವುದೂ ಜರುಗಿರಲಿಲ್ಲ.

ಮೀಟಿಂಗಿನಲ್ಲಿ ವಿನ್ಸ್ ಶೀಟ್ ತೆಗೆದು ಮೇಜಿನ ಮೇಲಿಟ್ಟ. ಗ್ರೇಸ್ ತಲೆ ತಗ್ಗಿಸಿದಳು. ನಾನು ಎದ್ದುನಿಂತೆ.

"ಸಹಿ ಅವಳದು, ತಪ್ಪು ನನ್ನದು" ಎಂದೆ. "ನಮ್ಮ ಕಡೆ ದಕ್ಷಿಣಕ್ಕೆ ಬಾಗಿಲಿಡುವುದಿಲ್ಲ. ನಾನು ಅದನ್ನು ನಂಬುವುದಿಲ್ಲ ಎಂದುಕೊಂಡಿದ್ದೆ, ನನ್ನ ಕೈ ನಂಬುತ್ತಿತ್ತು. ಬಾಗಿಲು ನಾನು ಊರಿಂದ ತಂದದ್ದು. ಗೋದಲಿ ಅಲ್ಲ. ನನ್ನ ಮಾತು ನಂಬಬೇಡಿ, ನೀವೇ ಅಳೆಯಿರಿ."

ನಕ್ಷೆಯನ್ನೂ ಸ್ಕೇಲನ್ನೂ ಡೋರನ್ನರ ಮುಂದೆ ಇಟ್ಟೆ. ಅವರು ಅಳೆದರು. ಇನ್ನೊಮ್ಮೆ ಅಳೆದರು. ವಿನ್ಸ್ ನನ್ನನ್ನು ನೋಡಿದ ನೋಟದಲ್ಲಿ ನನ್ನ ನೌಕರಿ ಮುಗಿದದ್ದು ಕಂಡಿತು. ಕಡೆಗೆ ಮುದುಕರು ಪೆನ್ಸಿಲ್ ಕೆಳಗಿಟ್ಟು, "ನನಗೆ ಇದು ಇಷ್ಟವಿಲ್ಲ. ಆದರೆ ಗೋದಲಿ ಇದ್ದಲ್ಲೇ ಇದೆ. ಬಾಗಿಲು ಸರಿಮಾಡಿ" ಎಂದರು.

ಉಳಿದ ದಿನಗಳಲ್ಲಿ ಪೂರ್ವದ ಗೋಡೆ ಮುಚ್ಚಿ ದಕ್ಷಿಣದ್ದನ್ನು ಕೊರೆದೆ. ಗೋದಲಿ ಈಗ ಬಾಗಿಲಿಗೆ ಓರೆಯಾದ ಮೂಲೆಗೆ ಬಿತ್ತು. ಹೊರಗಿನ ಬೆಳಕು ನೆಟ್ಟಗೆ ಹಿಂಗೋಡೆಗೆ ಹೋಗುತ್ತಿತ್ತು, ಅದರ ಮೇಲೆ ಬೀಳುತ್ತಿರಲಿಲ್ಲ. ನನ್ನ ಆ ಸುಂದರ ಬೆಳಗು ಹೋಯಿತು. ಕೆಲಸ ಮುಗಿದ ತಿಂಗಳೇ ವಿನ್ಸ್ ಕೇಕ್ ತರಿಸಿ ನನಗೆ ನಿವೃತ್ತಿ ಕೊಟ್ಟ. ನಾನು ಅಂದುಕೊಂಡದ್ದಕ್ಕಿಂತ ಮೂರು ವರ್ಷ ಮೊದಲು. ಗ್ರೇಸಳ ಕಾಂಟ್ರ್ಯಾಕ್ಟ್ ಮುಂದುವರಿಯಿತು.

ಗೊತ್ತಿಲ್ಲದ ಕಡೆ ನಾನು ಯಾವತ್ತೂ ಎಡವಿದವನಲ್ಲ. ಕೇಳಿಕೊಂಡು, ಅಳೆದುಕೊಂಡು ಕಟ್ಟಿದೆ. ಎಡವಿದ್ದು ನನ್ನ ಮನೆಯೇ ಎಂದುಕೊಂಡ ಮನೆಯಲ್ಲಿ. ಇಷ್ಟು ಕಲಿಯಲು ಇಪ್ಪತ್ತೆರಡು ವರ್ಷದ ಕಸುಬು ಬೇಕಾಯಿತು.

ಉದ್ಘಾಟನೆಯ ದಿನ ಡೋರನ್ ಗಾಜಿನ ಮುಂದೆ ಬಂದು ನಿಂತರು. ಬಾಗಿಲೊಳಗೆ ಇಣುಕಿದರು, ಏನೂ ಕಾಣಲಿಲ್ಲ. ಗಾಜನ್ನು ಹಿಡಿದುಕೊಂಡು, ನೋಯುವ ಮೊಣಕಾಲನ್ನು ಮೆಲ್ಲಗೆ ಮಡಚಿ ಇನ್ನೂ ಕೆಳಗೆ ಬಾಗಿದರು.

"ಮಗು ಅರ್ಧಂಬರ್ಧ ಕಾಣುತ್ತದೆ" ಎಂದರು.

"ಯೆಸ್ ಸರ್," ಗ್ರೇಸ್ ಹೇಳಿದಳು, "ನಮಗೆ ಗೊತ್ತಿರುವುದೂ ಅಷ್ಟೇ."

ಅವರು ಏಳಲಿಲ್ಲ. ಬಹಳ ಹೊತ್ತು ಹಾಗೆಯೇ ಮೊಣಕಾಲೂರಿ ನೋಡುತ್ತಿದ್ದರು.